ಅಳದ ಕೂಸಿಗೂ ಹಸಿವುಂಟು

ಹುಟ್ಟಿದ ಕೂಸು ಸದ್ದಿಲ್ಲದೆ ಮಲಗಿದ್ದರೆ 'ಬಲು ಸಾಧು ಮಗು' ಎಂದು ಮನೆಯವರೆಲ್ಲ ಹಿಗ್ಗುತ್ತಾರೆ. ಮೊದಲ ವಾರದಲ್ಲಿ ಈ ಹಿಗ್ಗು ಅಪಾಯಕ್ಕೂ ಎಡೆಮಾಡಬಹುದು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಕಾಮಾಲೆ ಕಾಣಿಸಿಕೊಂಡ ಕೂಸು ಹಸಿದರೂ ಅಳದೆ ನಿದ್ರಿಸುವುದುಂಟು. ಹಾಲು ಸಾಲದಿದ್ದರೆ ಮಲವಿಸರ್ಜನೆ ಕಡಿಮೆಯಾಗಿ ಕಾಮಾಲೆ ಏರುತ್ತದೆ. ಕಾಮಾಲೆ ಏರಿದರೆ ನಿದ್ದೆಯೂ ಹೆಚ್ಚುತ್ತದೆ. ಕೂಸು ಚೀಪದಿದ್ದರೆ ತಾಯಿಯಲ್ಲಿ ಹಾಲಿನ ಉತ್ಪತ್ತಿಯೂ ತಗ್ಗುತ್ತದೆ.

ಬೆಳೆಗೆ ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕೆಂದು ರೈತರಿಗೆ ಹೇಳುವ ನಾನೇ ನನ್ನ ಎರಡನೆಯ ಮಗುವಿನ ವಿಷಯದಲ್ಲಿ ಎಡವಿದೆ. ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ಹಿರಿಯರ ಮಾತು ಕೇಳಿ 5-6 ಗಂಟೆ ಸುಮ್ಮನಿದ್ದೆ. ಹುಟ್ಟುವಾಗ 3 ಕಿಲೋ ಇದ್ದ ಕೂಸು ಐದನೆಯ ದಿನ 2 ಕಿಲೋ 650 ಗ್ರಾಂಗೆ ಇಳಿದಿತ್ತು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಆದರೆ ಇಳಿಕೆ ಶೇಕಡಾ 10ನ್ನು ಮುಟ್ಟಿದರೆ ವೈದ್ಯರಿಗೆ ತೋರಿಸಲೇಬೇಕು.

ದಿನಕ್ಕೆ 8ರಿಂದ 12 ಸಲ ಮೊಲೆಯುಣಿಸಬೇಕು. ಹುಟ್ಟಿದಾಗಿನ ತೂಕ ಮರಳಿ ಬರುವವರೆಗೆ, ರಾತ್ರಿಯಾದರೂ ಸರಿ, 3 ಗಂಟೆಗೊಮ್ಮೆ ಎಬ್ಬಿಸಿರಿ. ಸುತ್ತಿದ ಬಟ್ಟೆ ಸಡಿಲಿಸಿ ತಾಯಿಯ ಬರಿ ಎದೆಗೆ ಒರಗಿಸಿ, ಮೇಲೆ ಹೊದಿಕೆ ಹೊದಿಸಿರಿ. ಬೆನ್ನು, ಅಂಗಾಲು ಮೆಲ್ಲನೆ ತಿಕ್ಕಿರಿ. ಚೀಪುತ್ತಲೇ ತೂಕಡಿಸಿದರೆ ಮೊಲೆಯನ್ನು ಹಗುರವಾಗಿ ಒತ್ತಿದಾಗ ಹಾಲು ಬಾಯಿಗಿಳಿದು ಕೂಸು ಮತ್ತೆ ನುಂಗತೊಡಗುತ್ತದೆ. ಆಮೇಲೆ ಇನ್ನೊಂದು ಬದಿಗೆ ಬದಲಿಸಿರಿ. ಎಚ್ಚರವಿದ್ದೂ ಚೀಪಲು ಶಕ್ತಿ ಸಾಲದಿದ್ದರೆ ಹಾಲು ಹಿಂಡಿ, ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಕುಡಿಸಬಹುದು. ಜೇನು, ಸಕ್ಕರೆ ನೀರು ಬೇಡ. ಕರುವಿಗೆ ಗಿಣ್ಣು ತಪ್ಪಿಸದ ಮನೆಯಲ್ಲೇ ಕೂಸಿನ ಪಾಲಿನ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದನ್ನು ಕಂಡಿದ್ದೇನೆ, ಇದೆಂಥ ಲೆಕ್ಕವೋ!

ಹೊಟ್ಟೆಗೆ ಬಿದ್ದ ಹಾಲನ್ನು ಅಳೆಯುವುದು ಹೇಗೆ? ಒದ್ದೆ ಬಟ್ಟೆ ಎಣಿಸಿರಿ. ಎರಡನೆಯ ದಿನ 2, ಮೂರನೆಯ ದಿನ 3, ಐದನೆಯ ದಿನ ಕಳೆದ ಮೇಲೆ ಕನಿಷ್ಠ 6 ಸಲ ಮೂತ್ರವಾಗಬೇಕು, ಬಣ್ಣ ತಿಳಿಯಾಗಿರಬೇಕು. ಕಪ್ಪು ಮಲ ಐದನೆಯ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಎರಡು ವಾರದೊಳಗೆ ಹುಟ್ಟುತೂಕ ಮರಳಬೇಕು. ಆಶಾ ಕಾರ್ಯಕರ್ತೆ 3, 7, 14ನೆಯ ದಿನಗಳಂದು ಮನೆಗೆ ಬಂದಾಗ ತೂಗಿಸಿಕೊಳ್ಳಿರಿ.

ಎಷ್ಟು ಎಬ್ಬಿಸಿದರೂ ಏಳದ, ಮೈ ತಣ್ಣಗಾದ ಅಥವಾ ಸುಡುವ, ಅಂಗೈ ಅಂಗಾಲಿನವರೆಗೆ ಹಳದಿಯಾದ ಕೂಸನ್ನು ಬೆಳಗಾಗಲೆಂದು ಕಾಯದೆ ಎದೆಗವಚಿಕೊಂಡು ಆಸ್ಪತ್ರೆಗೆ ಒಯ್ಯಿರಿ.