ಮೀನುನಾಶಕಕ್ಕೆ ಬಿಸಿಲೊಂದೇ ಮದ್ದಲ್ಲ

ನೀರಿಗೆ ಮೀನುನಾಶಕ ಹಾಕಿದ ಮೇಲೆ ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದರೆ ಸಾಕು, ವಿಷವೆಲ್ಲ ತಾನಾಗಿ ಹೋಗುತ್ತದೆ ಎಂಬ ನಂಬಿಕೆಯಿದೆ. ಇದರಲ್ಲಿ ಅರ್ಧ ಸತ್ಯವಿದೆ. ಮೋಸ ಹೋಗುವುದು ಆ ಅರ್ಧದಿಂದಲೇ.

ಡೆರಿಸ್ ಬಳ್ಳಿಯ ಬೇರಿನಲ್ಲಿ ಸಿಗುವ ರೊಟೆನೋನ್ ನೀರಿನ ಆಮ್ಲಜನಕವನ್ನೇ ಹೀರಿಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕಿವಿರುಗಳ ಮೂಲಕ ಒಳಹೊಕ್ಕು, ಮೀನಿನ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಅದು ತಡೆಯುತ್ತದೆ. ತಿಳಿಯಾದ, ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಬಿಸಿಲು ಇದನ್ನು ಕೆಲವೇ ದಿನಗಳಲ್ಲಿ ಒಡೆಯುತ್ತದೆ. ನೀರು ಕದಡಿದ್ದರೆ ಬೆಳಕು ಮೇಲ್ಪದರದಲ್ಲೇ ನಿಲ್ಲುತ್ತದೆ. ಒಡೆದದ್ದೂ ಮಾಯವಾಗುವುದಿಲ್ಲ, ರೊಟೆನೊಲೋನ್ ಎಂಬ ಕಡಿಮೆ ವಿಷದ ವಸ್ತುವಾಗಿ ಇನ್ನೂ ಕೆಲಕಾಲ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದ ಡೇವಿಸ್ ಸರೋವರ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎಲ್ಲಿಂದಲೋ ಬಂದು ಸೇರಿದ ಪೈಕ್ ಮೀನನ್ನು ತೊಲಗಿಸಲು 1997ರ ಅಕ್ಟೋಬರ್‌ನಲ್ಲಿ ಅಲ್ಲಿ ರೊಟೆನೋನ್ ಹಾಕಿದರು. ಪಕ್ಕದ ಪೋರ್ಟೋಲಾ ಪಟ್ಟಣಕ್ಕೆ ಆಗ ಅದೇ ಕುಡಿಯುವ ನೀರು. ಬೆಟ್ಟದ ಮೇಲಿನ ಸರೋವರಕ್ಕೆ ಚಳಿಗಾಲ ಬೇಗ ಬಂತು; ನೀರು ತಣ್ಣಗಾಯಿತು, ಮೇಲೆ ಹಿಮ ಕಟ್ಟಿತು. ರಾಸಾಯನಿಕದ ಶೇಷ ನಿರೀಕ್ಷೆಗಿಂತ ಹೆಚ್ಚು ಕಾಲ ನೀರಿನಲ್ಲಿ ಉಳಿಯಿತು. ಇಷ್ಟಾದರೂ 1999ರಲ್ಲಿ ಪೈಕ್ ಮತ್ತೆ ಕಾಣಿಸಿತು. 2007ರ ಎರಡನೇ ಪ್ರಯತ್ನ ಸೆಪ್ಟೆಂಬರ್‌ನಲ್ಲೇ, ನೀರಿನ ಮಟ್ಟ ಇಳಿಸಿಕೊಂಡು ನಡೆಯಿತು.

ಹರಿಯುವ ನೀರಿನ ಕಥೆ ಬೇರೆ. ಉತ್ತರ ಅಮೆರಿಕದ ಮಹಾಸರೋವರಗಳಿಗೆ ಸೇರುವ ತೊರೆಗಳಲ್ಲಿ, ಮೀನಿನ ರಕ್ತ ಹೀರುವ ಲ್ಯಾಂಪ್ರೆಯ ಮರಿಗಳನ್ನು ಕೊಲ್ಲಲು 1958ರಿಂದ ಟಿಎಫ್‌ಎಂ ಎಂಬ ರಾಸಾಯನಿಕವನ್ನು ಬಳಸುತ್ತಿದ್ದಾರೆ. ಬಿಸಿಲಿಗೆ ಇದೂ ಒಡೆಯುತ್ತದೆ, ಕ್ಷಾರ ಹೆಚ್ಚಿದ್ದರೆ ಇನ್ನೂ ಬೇಗ. ಆದರೆ ದಡದ ಮರಗಳ ನೆರಳಿನಡಿ ಓಡುವ ನೀರು, ಬಿಸಿಲು ತನ್ನ ಕೆಲಸ ಮುಗಿಸುವ ಮೊದಲೇ ಸರೋವರ ಸೇರಿರುತ್ತದೆ. ಅಲ್ಲಿ ವಿಷದ ಪ್ರಮಾಣ ತಗ್ಗುವುದಕ್ಕೆ ದೊಡ್ಡ ಕಾರಣ ನೀರಿನ ಬೆರಕೆ. ಟಿಎಫ್‌ಎಂ ಒಡೆದಾಗ ಹುಟ್ಟುವ ಟ್ರೈಫ್ಲೋರೋಅಸಿಟಿಕ್ ಆಮ್ಲವಂತೂ ಪರಿಸರದಲ್ಲಿ ಸುಲಭಕ್ಕೆ ಒಡೆದುಹೋಗುವ ವಸ್ತುವಲ್ಲ.

ನಮ್ಮ ಮೀನು ಹೊಂಡಗಳಲ್ಲೂ ಬಿಸಿಲನ್ನೇ ನಂಬಿ ಕೂರುವವರಿದ್ದಾರೆ. ಕೊರವದಂಥ ಮರಿ ತಿನ್ನುವ ಮೀನುಗಳನ್ನು ತೆಗೆಯಲು ಹೆಕ್ಟೇರಿಗೆ ಸುಮಾರು 2,500 ಕಿಲೋ ಹಿಪ್ಪೆ ಹಿಂಡಿ ಹಾಕುವ ಪದ್ಧತಿಯಿದೆ. ಇದೇ ಕೆಲಸಕ್ಕೆ ಹಾಕುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಬಿಸಿಲಿಗೆ ಬೇಗ ಹೋಗುತ್ತದೆ, ನಿಜ. ಹಿಪ್ಪೆಯ ಸಪೋನಿನ್ ಹಾಗಲ್ಲ. ಅದನ್ನು ಕೊಳೆಸುವುದು ಹೆಚ್ಚಾಗಿ ಸೂಕ್ಷ್ಮಜೀವಿಗಳು, ಅದಕ್ಕೆ ಎರಡು ಮೂರು ವಾರ ಬೇಕು. ಬಿಸಿಲಿನ ದಿನಗಳನ್ನು ಎಣಿಸಿ ಮರಿ ಬಿಡಬೇಡಿ. ಮೊದಲು ಬಲೆಯೊಳಗೆ ಹತ್ತಾರು ಮರಿಗಳನ್ನು ಹಾಕಿ, ಒಂದು ದಿನ ಹೊಂಡದಲ್ಲಿ ಇಳಿಬಿಟ್ಟು ನೋಡಿ.