ಹಳೆಯ ನಾಟಕದ ಚಿತ್ರ, ಕಾಫಿ ಮಗ್ ಮೇಲೆ: ಕೊಳ್ಳುವುದು ಹೇಗೆ, ಮಾಡಿಸುವುದು ಹೇಗೆ?

ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ ಇಂಗ್ಲಿಷ್ ಹಾಸ್ಯನಾಟಕಗಳ ಚಿತ್ರಗಳನ್ನು ಅಚ್ಚು ಹಾಕಿದ ಕಾಫಿ ಮಗ್‌ಗಳನ್ನು ನೀವು ನೋಡಿರಬಹುದು. ನಾಟಕಪ್ರಿಯರಿಗೆ ಒಳ್ಳೆಯ ಉಡುಗೊರೆ. ಆದರೆ ಕೆಲವು ಮಗ್‌ಗಳ ಚಿತ್ರ ವರ್ಷಗಟ್ಟಲೆ ಉಳಿಯುತ್ತದೆ, ಕೆಲವುಗಳದ್ದು ಬೇಗ ಮಾಸುತ್ತದೆ. ಹೀಗೇಕೆ ಎಂದು ತಿಳಿದುಕೊಂಡು ಕೊಳ್ಳುವುದು ಒಳ್ಳೆಯದು.

ಒಂದು ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾಟಕದ ಹೆಸರು ‘ಟ್ರಯಲ್ ಬೈ ಜ್ಯೂರಿ’. ಡಬ್ಲ್ಯು.ಎಸ್. ಗಿಲ್ಬರ್ಟ್ ಬರೆದು, ಆರ್ಥರ್ ಸಲಿವನ್ ಸಂಗೀತ ಕೊಟ್ಟ ಈ ಪುಟ್ಟ ಪ್ರಹಸನ 1875ರ ಮಾರ್ಚ್ 25ರಂದು ಲಂಡನ್ನಿನ ರಾಯಲ್ಟಿ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಮದುವೆಯ ಮಾತು ಕೊಟ್ಟು ತಪ್ಪಿದವನ ಮೇಲೆ ಹುಡುಗಿಯೊಬ್ಬಳು ದಾವೆ ಹೂಡುತ್ತಾಳೆ, ಮದುಮಗಳ ಉಡುಪಿನಲ್ಲೇ ಕೋರ್ಟಿಗೆ ಬರುತ್ತಾಳೆ. ಕೊನೆಗೆ ನ್ಯಾಯಾಧೀಶನೇ ತಾನು ಮದುವೆಯಾಗುತ್ತೇನೆ ಎನ್ನುತ್ತಾನೆ! ಆ ಪಾತ್ರ ಮಾಡಿದವರು ಸಲಿವನ್‌ರ ಅಣ್ಣ ಫ್ರೆಡ್. ಈ ಕೋರ್ಟ್ ದೃಶ್ಯದ ಚಿತ್ರವನ್ನು ಆಗಿನ ಪತ್ರಿಕೆಗೆ ಬರೆದುಕೊಟ್ಟವರು ಡಿ.ಎಚ್. ಫ್ರಿಸ್ಟನ್. 1887ರಲ್ಲಿ ಷರ್ಲಾಕ್ ಹೋಮ್ಸ್‌ನ ಮೊಟ್ಟಮೊದಲ ಕಥೆಗೆ ಚಿತ್ರ ಬರೆದವರೂ ಇವರೇ.

ಚಿತ್ರ ಮಗ್ ಮೇಲೆ ಕೂರುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು ಸಬ್ಲಿಮೇಷನ್. ಇದರಲ್ಲಿ ವಿಶೇಷ ಶಾಯಿಯಿಂದ ಚಿತ್ರವನ್ನು ಕಾಗದದ ಮೇಲೆ ಕನ್ನಡಿಬಿಂಬದಂತೆ ತಿರುಗುಮುರುಗಾಗಿ ಮುದ್ರಿಸುತ್ತಾರೆ. ಕಾಗದವನ್ನು ಮಗ್‌ಗೆ ಸುತ್ತಿ, ಹೀಟ್ ಪ್ರೆಸ್ ಎಂಬ ಬಿಸಿ ಒತ್ತುಯಂತ್ರದಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಇಡುತ್ತಾರೆ. ಶಾಯಿ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಬಿಳಿ ಪಂಚೆಗೆ ಅರಿಶಿನ ಹತ್ತಿದಂತೆ, ಅದು ಮಗ್‌ನ ಮೇಲಿರುವ ಪಾಲಿಮರ್ ಲೇಪದೊಳಕ್ಕೆ ಇಳಿದುಬಿಡುತ್ತದೆ.

ಮನೆಯಲ್ಲಿರುವ ಮಗ್‌ಗೇ ಹೀಗೆ ಮಾಡಿಸಬಹುದೇ? ಆಗುವುದಿಲ್ಲ. ಲೇಪವಿಲ್ಲದ ಪಿಂಗಾಣಿಗೆ ಈ ಬಣ್ಣ ಹಿಡಿಯದು.

ಎರಡನೆಯದು ಡಿಕಾಲ್. ಪಿಂಗಾಣಿಗೆಂದೇ ತಯಾರಿಸಿದ ಬಣ್ಣಗಳಲ್ಲಿ ಮುದ್ರಿಸಿದ ತೆಳುವಾದ ಹಾಳೆ ಇದು. ನೀರಿನಲ್ಲಿ ನೆನೆಸಿದರೆ ಚಿತ್ರ ಹಾಳೆಯಿಂದ ಜಾರಿ ಬರುತ್ತದೆ. ಅದನ್ನು ಮಗ್‌ಗೆ ಅಂಟಿಸಿ, ಕಿಲ್ನ್ ಎಂಬ ಸುಡುಗೂಡಿನಲ್ಲಿ ಸುಮಾರು 800 ಡಿಗ್ರಿಯಲ್ಲಿ ಸುಡುತ್ತಾರೆ. ಬಣ್ಣ ಪಿಂಗಾಣಿಯ ಗಾಜಿನಂಥ ಮೇಲ್ಪದರಕ್ಕೆ ಬೆಸೆದುಕೊಳ್ಳುತ್ತದೆ. ಸಾಮಾನ್ಯವಾಗಿ ಹೆಚ್ಚು ಬಾಳಿಕೆ ಬರುವುದು ಇದೇ. ಉಗುರಿನಿಂದ ಸವರಿ ನೋಡಿ: ಡಿಕಾಲ್ ಚಿತ್ರದ ಅಂಚು ಎಷ್ಟೋ ಸಲ ಸಣ್ಣದಾಗಿ ತಗಲುತ್ತದೆ, ಸಬ್ಲಿಮೇಷನ್‌ನಲ್ಲಿ ನುಣುಪಾಗಿರುತ್ತದೆ.

ನೀವೇ ಮಾಡಿಸುವುದಾದರೆ ಚಿತ್ರದ ಗುಣಮಟ್ಟ ಮೊದಲು ನೋಡಿ. ಆಗಿನ ಪತ್ರಿಕಾ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದರು. ನೆರಳೆಲ್ಲ ಕೂದಲೆಳೆಯಂಥ ಗೆರೆಗಳೇ. ಸ್ಕ್ಯಾನ್ ಚಿಕ್ಕದಿದ್ದರೆ ನ್ಯಾಯಾಧೀಶನ ಗೌನಿನ ಗೆರೆಗಳು ಒಂದಕ್ಕೊಂದು ಕೂಡಿ ಬರೀ ಕಪ್ಪು ಮಚ್ಚೆಯಾಗುತ್ತವೆ. 20 ಸೆಂ.ಮೀ. ಅಗಲದ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 2400 ಪಿಕ್ಸೆಲ್ ಅಗಲದ ಫೈಲ್ ಬೇಕು. ಹಳೆಯ ಕಾಗದದ ಹಳದಿಯನ್ನು ತೆಗೆಸಿ, ಇಲ್ಲದಿದ್ದರೆ ಅದೂ ಅಚ್ಚಾಗುತ್ತದೆ. ಸಬ್ಲಿಮೇಷನ್‌ನಲ್ಲಿ ಬಿಳಿ ಶಾಯಿ ಇಲ್ಲ, ಮಗ್‌ನ ಬಿಳಿಯೇ ಚಿತ್ರದ ಬಿಳಿ.

ಮುಖ್ಯ ಪಾತ್ರ ಎಲ್ಲಿರಬೇಕು? ಬಲಗೈಯಲ್ಲಿ ಹಿಡಿದು ಕುಡಿಯುವವರಿಗೆ ಚಿತ್ರದ ಬಲಭಾಗ ಕಾಣುತ್ತದೆ, ಎದುರು ಕೂತವರಿಗೆ ಎಡಭಾಗ. ಅದಕ್ಕೆ ತಕ್ಕಂತೆ ಹೊಂದಿಸಿ. ತುಟಿ ತಾಗುವ ಅಂಚನ್ನು ಖಾಲಿ ಬಿಡಿಸಿ.

ಇನ್ನು ಹಕ್ಕುಸ್ವಾಮ್ಯ. ಭಾರತದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ ಅದು ಇರುತ್ತದೆ. ಫ್ರಿಸ್ಟನ್ ತೀರಿಕೊಂಡದ್ದು 1906ರಲ್ಲಿ. ಹಾಗಾಗಿ ಈ ಚಿತ್ರಕ್ಕೆ ಎರಡೂ ಕಡೆ ತೊಡಕಿಲ್ಲ. ಆದರೂ ಮ್ಯೂಸಿಯಂ ಜಾಲತಾಣದಿಂದ ಸ್ಕ್ಯಾನ್ ಇಳಿಸಿಕೊಳ್ಳುವಾಗ ಅಲ್ಲಿನ ಬಳಕೆಯ ಷರತ್ತು ಓದಿ, ಮಾರಾಟಕ್ಕಾದರೆ ತಪ್ಪದೆ ಓದಿ.

ಬೆಲೆ? ನಮ್ಮ ಊರುಗಳ ಫೋಟೊ ಸ್ಟುಡಿಯೊ, ಪ್ರಿಂಟಿಂಗ್ ಅಂಗಡಿಗಳಲ್ಲಿ ಒಂದು ಸಬ್ಲಿಮೇಷನ್ ಮಗ್‌ಗೆ ಹೆಚ್ಚುಕಡಿಮೆ 200ರಿಂದ 400 ರೂಪಾಯಿ. ಡಿಕಾಲ್‌ಗೆ ಸುಡುಗೂಡು ಬೇಕಾದ್ದರಿಂದ ಹೆಚ್ಚಾಗಿ ಸಗಟು ಆರ್ಡರ್ ಮಾತ್ರ ಹಿಡಿಯುತ್ತಾರೆ. ನಾಟಕ ತಂಡದ ವಾರ್ಷಿಕೋತ್ಸವಕ್ಕೆ ಅದು ಸರಿಹೋಗುತ್ತದೆ. ಲಂಡನ್ನಿಗೆ ಹೋಗುವವರಿದ್ದರೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿಬನ್ನಿ. ರಂಗಭೂಮಿಗೆ ಸಂಬಂಧಿಸಿದ ದೊಡ್ಡ ಸಂಗ್ರಹ ಅಲ್ಲಿದೆ, ಮಳಿಗೆಯೂ ಇದೆ.

ತೊಳೆಯುವಾಗ ಮೆತ್ತನೆಯ ಸ್ಪಂಜು ಬಳಸಿ. ಸ್ಟೀಲ್ ನಾರು ಲೇಪವನ್ನು ಗೀರುತ್ತದೆ. ಚಿನ್ನದ ಗೆರೆಯಿರುವ ಮಗ್ ಮೈಕ್ರೋವೇವ್‌ಗೆ ಬೇಡ, ಲೋಹದಿಂದ ಕಿಡಿ ಹಾರಬಹುದು.

ಕೊನೆಯದಾಗಿ ಒಂದು ಮಾತು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ನಾಟಕದ ಹೆಸರು, ವರ್ಷ, ಕಲಾವಿದರ ಹೆಸರು ಹಾಕಿಸಿ. ಹಕ್ಕುಸ್ವಾಮ್ಯದ ಅವಧಿ ಮುಗಿದರೂ ಕಲಾವಿದರಿಗೆ ಸಲ್ಲಬೇಕಾದ ಮರ್ಯಾದೆ ಮುಗಿಯುವುದಿಲ್ಲ. ಇದಕ್ಕೆ ಅಂಗಡಿಯವರು ಹೆಚ್ಚಿಗೆ ದುಡ್ಡನ್ನೂ ಕೇಳುವುದಿಲ್ಲ.