ನಿಷ್ಠಾಭಕ್ತಿ ಮತ್ತು ಶರಣಸಂಗ

ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಗಳನ್ನು ಹೇಳಲಾಗಿದೆ. ಶ್ರದ್ಧೆಯ ಬೆನ್ನಿಗೇ ನಿಷ್ಠೆಯನ್ನು ಇರಿಸಿರುವುದು ಅರ್ಥಪೂರ್ಣವಾಗಿದೆ. ಶಿವನಲ್ಲಿ ಮನಸ್ಸು ಮೂಡುವುದು ಶ್ರದ್ಧೆ. ಮೂಡಿದ ಮನಸ್ಸು ಕಡೆಯವರೆಗೆ ಕದಲದಿರುವುದು ನಿಷ್ಠೆ. ಮೊದಲನೆಯದು ಒಂದು ಗಳಿಗೆಯಲ್ಲಿ ಹುಟ್ಟಬಹುದು. ಎರಡನೆಯದಕ್ಕೆ ಇಡಿಯ ಆಯುಷ್ಯವೇ ಬೇಕು.

ನಿಷ್ಠೆ ಎಂದೊಡನೆ ಏಕಾಂಗಿಯಾದ ವ್ರತಧಾರಿಯ ಹಟ ಕಣ್ಣಮುಂದೆ ಬರುವುದು ಸಹಜ. ಆದರೆ ಶರಣರ ಚರಿತ್ರೆಯನ್ನು ಪರಿಶೀಲಿಸಿದಾಗ ಈ ಭಾವನೆ ನಿಲ್ಲುವುದಿಲ್ಲ. ಆಲಸ್ಯ, ಅಹಂಕಾರ, ಎದೆಗುಂದುವಿಕೆ ಎಂಬ ಮೂರು ವಿಘ್ನಗಳು ಹಿರಿಯ ಶರಣರಿಗೂ ಒದಗಿದುವು. ಅಲ್ಲಿ ಅವರನ್ನು ಕಾಯ್ದುದು ಸ್ವಂತ ಬಲವೊಂದೇ ಅಲ್ಲ, ಶರಣಸಂಗ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೋಡಬಹುದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಮ್ಮೆ ಅಲ್ಲಮಪ್ರಭುವಿನೊಡನೆ ತತ್ತ್ವವಿಚಾರದಲ್ಲಿ ತೊಡಗಿದ ಮಾರಯ್ಯ ಕಾಯಕವನ್ನೇ ಮರೆತನು. ಆಗ ಪತ್ನಿ ಲಕ್ಕಮ್ಮ ಬಂದು ಎಚ್ಚರಿಸಿದಳು. ಆಲಸ್ಯವು ಯಾವಾಗಲೂ ದೇಹದ ದಣಿವಾಗಿ ಬರುವುದಿಲ್ಲ, ಎತ್ತರದ ಮಾತಿನ ವೇಷದಲ್ಲಿಯೂ ಬರುತ್ತದೆ ಎಂಬುದು ಇಲ್ಲಿ ಗಮನಾರ್ಹ. ಎಚ್ಚೆತ್ತ ಮಾರಯ್ಯ ಅವಸರದಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬಿಟ್ಟುದನ್ನು ಒಂದೇ ದಿನದಲ್ಲಿ ತುಂಬಿಕೊಳ್ಳುವ ಆತುರವೂ ನಿಷ್ಠೆಯಲ್ಲ. ನಿತ್ಯದ ಅಳತೆಯನ್ನು ನಿತ್ಯವೂ ಸಲ್ಲಿಸುವುದೇ ನಿಷ್ಠೆ.

ಅಹಂಕಾರದ ವಿಷಯದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಪ್ರಸಂಗ ಪ್ರಸಿದ್ಧವಾದುದು. ಅವನು ಕೆರೆ, ಗುಡಿಗಳನ್ನು ಕಟ್ಟಿಸಿ ಜನೋಪಕಾರದಲ್ಲಿ ನಿರತನಾಗಿದ್ದನು. ಅಲ್ಲಿಗೆ ಬಂದ ಅಲ್ಲಮನು ಅವನನ್ನು ‘ಒಡ್ಡರಾಮ’ ಎಂದು ಮೂದಲಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆಲಸದಲ್ಲಿದ್ದ ಶಿಷ್ಯರು ಕೆರಳಿ ಅಲ್ಲಮನಿಗೆ ಕಲ್ಲೆಸೆದರು, ಸಿದ್ಧರಾಮನೂ ಕೋಪಗೊಂಡನು. ಕೆರೆ ಕಟ್ಟಿಸಿದುದು ದೋಷವಾಗಿರಲಿಲ್ಲ. ‘ನಾನು ಮಾಡಿದೆ’ ಎಂಬ ಭಾವವೇ ದೋಷವಾಗಿದ್ದಿತು. ಸತ್ಕಾರ್ಯದ ನೆರಳಿನಲ್ಲಿ ಬೆಳೆಯುವ ಅಹಂಕಾರವನ್ನು ಮಾಡಿದವನು ತಾನೇ ಕಾಣುವುದು ಕಷ್ಟ. ಹೊರಗಿನವನೊಬ್ಬನು ಅದನ್ನು ತೋರಿಸಬೇಕಾಗುತ್ತದೆ. ಸಿದ್ಧರಾಮನ ಹಿರಿಮೆಯಿರುವುದು ಆ ನಿಷ್ಠುರವಾಕ್ಯವನ್ನು ಕಡೆಗೆ ಅರಗಿಸಿಕೊಂಡುದರಲ್ಲಿ. ಮುಂದೆ ಅವನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನು.

ಮೂರನೆಯ ವಿಘ್ನವಾದ ಎದೆಗುಂದುವಿಕೆ ಒಬ್ಬ ವ್ಯಕ್ತಿಗಷ್ಟೇ ಅಲ್ಲ, ಇಡಿಯ ಸಮುದಾಯಕ್ಕೂ ಬರಬಲ್ಲದು. 1167ರ ಸುಮಾರಿನಲ್ಲಿ ಕಲ್ಯಾಣವು ಕ್ಷೋಭೆಗೆ ತುತ್ತಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನೊಡನೆ ಅನೇಕರು ಉಳವಿಗೆ ಸಾಗಿದರೆಂದು ಪರಂಪರೆ ಹೇಳುತ್ತದೆ. ಕಟ್ಟಿದುದೆಲ್ಲ ಕಣ್ಣೆದುರೇ ಕುಸಿದಾಗ, ಮಾಡಿದ ಭಕ್ತಿ ವ್ಯರ್ಥವಾಯಿತೇ ಎಂಬ ಸಂದೇಹ ಏಳುವುದು ಮನುಷ್ಯಸಹಜ. ಆದರೂ ವಚನಗಳು ಅಳಿಯಲಿಲ್ಲ. ಹೆಸರು ತಿಳಿಯದ ಅದೆಷ್ಟೋ ಭಕ್ತರು ಅವುಗಳನ್ನು ಬಾಯಲ್ಲಿ ಉಳಿಸಿಕೊಂಡರು, ಓಲೆಗರಿಗಳಲ್ಲಿ ಕಾಪಾಡಿದರು. ಸುಮಾರು ಎರಡೂವರೆ ಶತಮಾನಗಳ ಬಳಿಕ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ (1424–1446) ಮುಂದಕ್ಕೆ, ವಿರಕ್ತರು ಅವುಗಳನ್ನು ಸಂಕಲಿಸಿ ವ್ಯಾಖ್ಯಾನಿಸತೊಡಗಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲ ಶೂನ್ಯಸಂಪಾದನೆಯನ್ನು ರಚಿಸಿದುದು ಆ ಹದಿನೈದನೆಯ ಶತಮಾನದಲ್ಲಿಯೇ. ನಡುವಣ ತಲೆಮಾರುಗಳ ಭಕ್ತರು ಫಲವನ್ನು ಕಾಣಲಿಲ್ಲ. ಆದರೆ ತಮ್ಮ ಪಾಲಿನ ಓಲೆಯನ್ನು ಕೈಬಿಡಲಿಲ್ಲ.

ಹೀಗೆ ಆಲಸ್ಯಕ್ಕೆ ಹತ್ತಿರದವರ ಎಚ್ಚರಿಕೆ, ಅಹಂಕಾರಕ್ಕೆ ಜ್ಞಾನಿಯ ನಿಷ್ಠುರ ನುಡಿ, ಎದೆಗುಂದುವಿಕೆಗೆ ಪರಂಪರೆಯ ಆಸರೆ ಮದ್ದಾಗುತ್ತವೆ. ಈ ಮೂರೂ ಶರಣಸಂಗದ ಮೂರು ಮುಖಗಳೇ. ನಿಷ್ಠೆ ಕದಲದಿರಲೆಂದು ಬಯಸುವ ಭಕ್ತನು ಮನಸ್ಸನ್ನು ಬಿಗಿಹಿಡಿದರಷ್ಟೇ ಸಾಲದು; ತನ್ನನ್ನು ತಿದ್ದಬಲ್ಲವರ ಸನಿಹದಲ್ಲಿರಬೇಕು, ಅವರು ತಿದ್ದಿದಾಗ ಮುನಿಯದಿರಬೇಕು. ಲಿಂಗನಿಷ್ಠೆಯೂ ಜಂಗಮನಿಷ್ಠೆಯೂ ಒಂದನ್ನೊಂದು ಅಗಲಿ ಇರಲಾರವು ಎಂಬ ಮಾತಿನ ಮರ್ಮ ಇಲ್ಲಿದೆ.